ಎರಡಿಂಚು ಕಮ್ಮಿ ಬರೆದವನ ಸೈಕಲ್

ಹೋದ ವರ್ಷ ಸುಮಾರು ಎಂಟು ತಿಂಗಳು ನನ್ನ ಭಾನುವಾರದ ಬೆಳಗುಗಳೆಲ್ಲ ಒಂದು ಬೇವಿನ ಮರದ ಬುಡದಲ್ಲೇ ಕಳೆದವು. ಬನಶಂಕರಿ ಆರನೇ ಹಂತ ದಾಟಿ ಇನ್ನೂ ಸ್ವಲ್ಪ ಮುಂದಕ್ಕೆ ಹೋದರೆ ಸಿಗುವ ಕಲ್ಲುಗುಡ್ಡದ ಬುಡ ಅದು. ನನ್ನ ಮಗಳು ಸೈಕಲ್ ತಳ್ಳಿಕೊಂಡು ಗುಡ್ಡದ ಮೇಲೆ ಹೋಗುತ್ತಿದ್ದಳು. ಅಲ್ಲಿಂದ ಬಂಡೆ, ಬೇರು, ಜಲ್ಲಿಕಲ್ಲಿನ ಮೇಲೆ ಹಾರಿಸಿಕೊಂಡು ಕೆಳಗೆ ಬರುತ್ತಿದ್ದಳು. ನಾನು ಕಾಯುತ್ತಿದ್ದೆ. ಮೇಲಿನಿಂದ ಕೆಳಕ್ಕೆ ನಾಲ್ಕು ನಿಮಿಷದ ದಾರಿ. ಐದನೇ ನಿಮಿಷ ಶುರುವಾಯಿತೆಂದರೆ ನನ್ನ ನಾಲಿಗೆ ಒಣಗುತ್ತಿತ್ತು. ಆರನೇ ನಿಮಿಷಕ್ಕೆ ಮರ ಬಿಟ್ಟು ಮೇಲಕ್ಕೆ ನಡೆಯತೊಡಗುತ್ತಿದ್ದೆ. ಅಷ್ಟರಲ್ಲಿ ಅವಳು ಧೂಳೆಬ್ಬಿಸಿಕೊಂಡು ಬಂದು ಬ್ರೇಕು ಹಿಡಿದು, "ಶೂ ಲೇಸ್ ಬಿಚ್ಕೊಂಡಿತ್ತು, ಕಟ್ಕೊಳಕ್ಕೆ ನಿಂತಿದ್ದೆ ಅಷ್ಟೆ. ಅಪ್ಪ, ನಿನ್ ಮುಖ ನೋಡ್ಕೋ, ಹೆಂಗಾಗಿದೆ!" ಎಂದು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಹದಿನಾರು ವರ್ಷದ ಹುಡುಗಿಗೆ ನಾಲ್ಕು ನಿಮಿಷ ಎಂದರೆ ಏನೆಂದು ಗೊತ್ತಿರುವುದಿಲ್ಲ.

ನಾನೂ ಅವಳ ಜೊತೆ ಇಳಿಯುತ್ತಿದ್ದವನೇ. ಅದಕ್ಕೂ ಮೊದಲು ಒಂದು ವರ್ಷ ಅಪ್ಪ ಮಗಳು ಒಟ್ಟಿಗೇ ಹತ್ತಿ ಒಟ್ಟಿಗೇ ಇಳಿದಿದ್ದೆವು. ನನ್ನದು ಹಳೆಯ ಸೈಕಲ್. ಮುಂದಿನ ಚಕ್ರಕ್ಕೆ ಮಾತ್ರ ಹೆಸರಿಗೊಂದು ಸಸ್ಪೆನ್ಶನ್, ಹಿಂದೆ ಅದೂ ಇಲ್ಲ. ನನ್ನ ಕಾಲು ಉದ್ದ ಎಂದು ಸೀಟನ್ನು ಎಳೆಯುವಷ್ಟು ಮೇಲಕ್ಕೆ ಎಳೆದುಕೊಂಡಿದ್ದೆ. ಒಂದು ಬೆಳಿಗ್ಗೆ ಎರಡು ಬಂಡೆಗಳ ಸಂದಿಯಲ್ಲಿ ಮುಂದಿನ ಚಕ್ರ ಗಕ್ಕನೆ ನಿಂತಿತು. ನಾನು ಹ್ಯಾಂಡಲ್ ಮೇಲಿನಿಂದ ಹಾರಿ ತಲೆ ಕೆಳಗಾಗಿ ಬಿದ್ದೆ. ಹೆಲ್ಮೆಟ್ ಸೀಳಿಹೋಯಿತು. ಎದ್ದು ಕೂತಾಗ ಎಡಗೈಯ ಎರಡು ಬೆರಳು ನನ್ನವಲ್ಲ ಅನ್ನಿಸುತ್ತಿತ್ತು. ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ, ಮಡಿಸಲು ಹೋದರೆ ಮಡಚುತ್ತಿರಲಿಲ್ಲ. ಅರ್ಧ ಗಂಟೆ ಹಾಗೇ ಇತ್ತು. ಮಗಳು ಪಕ್ಕದಲ್ಲಿ ಕೂತು ಆ ಎರಡು ಬೆರಳನ್ನೇ ಉಜ್ಜುತ್ತಿದ್ದಳು.

ಜಯನಗರದ ಮೂಳೆ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಡಾಕ್ಟರು ಬಹಳ ಹೊತ್ತು ನೋಡಿದರೇ ನನ್ನ ಅರ್ಧ ಜೀವ ಹೋಗುತ್ತದೆ. "ಕುತ್ತಿಗೆ ಡಿಸ್ಕು ಸ್ವಲ್ಪ ಜರುಗಿದೆ. ಈಗ ಪರವಾಗಿಲ್ಲ, ಸರಿಹೋಗುತ್ತೆ. ಆದ್ರೆ ಇನ್ನೊಂದ್ಸಲ ಹೀಗೇ ಹ್ಯಾಂಡಲ್ ಮೇಲಿಂದ ಬಿದ್ರೆ ಬೆರಳಿಗೆ ನಿಲ್ಲಲ್ಲ ಸಾರ್, ಕೈಕಾಲೇ ಹೋಗ್ಬಹುದು" ಎಂದರು. ಪಕ್ಕದಲ್ಲಿ ನನ್ನ ಹೆಂಡತಿ ಕೂತಿದ್ದಳು. ವಾಪಸ್ಸು ಬರುವಾಗ ಆಟೋದಲ್ಲಿ ಅವಳು ಒಂದೇ ಮಾತು ಹೇಳಿದ್ದು: "ಇನ್ನು ಸೈಕಲ್ ಅನ್ನೋ ಶಬ್ದ ನಿಮ್ಮ ಬಾಯಲ್ಲಿ ಬರಕೂಡದು."

ಬರಲಿಲ್ಲ. ಮೂರು ತಿಂಗಳು ಬಾಯಿಗೆ ಬೀಗ ಹಾಕಿಕೊಂಡು ತ್ಯಾಗರಾಜನಗರದ ನಮ್ಮ ಬೀದಿಯ ಪಾರ್ಕಿನಲ್ಲಿ ಅಂಕಲ್‌ಗಳ ಜೊತೆ ವಾಕಿಂಗ್ ಮಾಡಿದೆ. ಮಗಳನ್ನು ಮಾತ್ರ ಅವಳು ತಡೆಯಲಿಲ್ಲ. "ಅವಳಿಗೆ ಮೈ ಬಗ್ಗುತ್ತೆ, ಬೀಳಲ್ಲ. ನಿಮ್ಮದು ವಿದ್ಯುತ್ ಕಂಬ, ಬಿದ್ರೆ ನೇರವಾಗಿ ಬೀಳೋದೇ" ಎಂದು ವಾದ. ಒಂದೇ ಷರತ್ತು, ಗುಡ್ಡದ ಕೆಳಗೆ ನಾನು ನಿಂತಿರಬೇಕು. ಹೀಗೆ ನನ್ನ ಬೇವಿನ ಮರದ ನೌಕರಿ ಶುರುವಾಯಿತು.

ಆದರೆ ಕಾಯುವುದು ನನ್ನ ಕೈಲಿ ಆಗಲಿಲ್ಲ. ನನಗೆ ಇಳಿಯುವ ಆಸೆ ಇತ್ತು, ಸುಳ್ಳೇಕೆ ಹೇಳಲಿ. ಅದಕ್ಕಿಂತ ಹೆಚ್ಚಾಗಿ, ಅವಳು ಇಳಿಯುವಾಗ ಅವಳ ಹಿಂದೆಯೇ ಇರಬೇಕು, ಬಿದ್ದರೆ ನಾನು ನೋಡಬೇಕು, ತಕ್ಷಣ ಎತ್ತಬೇಕು ಅನ್ನುವ ಹಟ. ಒಂದು ದಿನ ಊಟಕ್ಕೆ ಕೂತಾಗ ಧೈರ್ಯ ಮಾಡಿ ಹೆಂಡತಿಯ ಮುಂದೆ ಬಾಯಿ ಬಿಟ್ಟೆ. ಬಿದ್ದದ್ದಕ್ಕೆ ಕಾರಣ ಆ ಸೈಕಲ್ಲು, ಅದು ಈ ಗುಡ್ಡಕ್ಕೆ ಮಾಡಿದ್ದೇ ಅಲ್ಲ, ಇಂಥ ಇಳಿಜಾರಿಗೆಂದೇ ಬೇರೆ ಸೈಕಲ್ ಬರುತ್ತದೆ ಎಂದು ವಿವರಿಸಿದೆ. ಅವಳು ಸಾರು ಬಡಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ನಂತರ, "ಒಂದೇ ಸಲ. ಸರಿಯಾದ್ದನ್ನ ತಗೊಳ್ಳಿ. ತಪ್ಪಾದ್ದು ತಂದು ಮತ್ತೆ ಬಿದ್ರೆ, ಗಾಲಿ ಕುರ್ಚಿ ತಳ್ಳೋಳು ನಾನು. ಅದನ್ನ ನೆನಪಿಟ್ಕೊಂಡು ಆರಿಸಿ" ಎಂದಳು.

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಷ್ಟು ಸಮಾಧಾನವಾಗಿ ಹೇಳಿದ ಮೇಲೆ ನನಗೆ ಮೂರು ತಿಂಗಳು ನೆಮ್ಮದಿ ಇರಲಿಲ್ಲ.

ನನಗೆ ಬೇಕಾಗಿದ್ದದ್ದು ಲಾಂಗ್ ಟ್ರಾವೆಲ್ ಎನ್ನುವ ಜಾತಿಯ ಮೌಂಟನ್ ಬೈಕು. ಹೆಸರು ಕೇಳಿ ಊರೂರು ಸುತ್ತುವ ಸೈಕಲ್ ಅಂದುಕೊಳ್ಳಬೇಡಿ. ಇಲ್ಲಿ ಟ್ರಾವೆಲ್ ಅಂದರೆ ಸಸ್ಪೆನ್ಶನ್ ಎಷ್ಟು ಆಳಕ್ಕೆ ಕುಸಿದು ಮತ್ತೆ ಮೇಲೇಳುತ್ತದೆ ಅನ್ನುವ ಲೆಕ್ಕ. ಮುಂದೆಯೂ ಹಿಂದೆಯೂ ಒಂದು ಗೇಣು ಹತ್ತಿರ ಹತ್ತಿರ ಕುಸಿಯುತ್ತದೆ. ಮೊಣಕಾಲೆತ್ತರದ ಬಂಡೆಯಿಂದ ಇಳಿದರೂ ಚಕ್ರ ಗಕ್ಕನೆ ನಿಲ್ಲುವುದಿಲ್ಲ, ನುಂಗಿಕೊಂಡು ಮುಂದೆ ಹೋಗುತ್ತದೆ. ಆದರೆ ಒಂದು ತೊಡಕು. ಈ ಸೈಕಲ್ಲಿನಲ್ಲಿ ಇಳಿಯುವಾಗ ಯಾರೂ ಸೀಟಿನ ಮೇಲೆ ಕೂರುವುದಿಲ್ಲ. ಸೀಟನ್ನು ಕೆಳಗೆ ಇಳಿಸಿ ಪೆಡಲಿನ ಮೇಲೆ ಎದ್ದು ನಿಲ್ಲುತ್ತಾರೆ. ನಿಂತಾಗ ಕಾಲಿನಿಂದ ಹ್ಯಾಂಡಲ್ ತನಕ ಮುಂದಕ್ಕೆ ಸಾಕಷ್ಟು ಜಾಗ ಇರಬೇಕು. ಆ ಜಾಗ ಸಾಲದೆ ಹೋದರೆ ಮೈಯೆಲ್ಲ ಮುಂದಿನ ಚಕ್ರದ ಮೇಲೆ ಬಂದು ಕೂರುತ್ತದೆ, ಇಳಿಜಾರಿನಲ್ಲಿ ಸೈಕಲ್ಲೇ ಆಳನ್ನು ಮುಂದಕ್ಕೆ ಎತ್ತಿ ಎಸೆಯುತ್ತದೆ. ಸೀಟು ಎಷ್ಟು ಎಳೆದರೂ ಆ ಜಾಗ ಹೆಚ್ಚುವುದಿಲ್ಲ. ಅದು ಫ್ರೇಮಿನ ಸೈಜಿನಲ್ಲೇ ಬರಬೇಕು. ಇಷ್ಟು ವರ್ಷ ಸೀಟನ್ನು ಎಳೆದೂ ಎಳೆದೂ ಎಲ್ಲಾ ಸೈಕಲ್ಲನ್ನೂ ನನ್ನ ಸೈಜು ಮಾಡಿಕೊಂಡೆ ಅಂದುಕೊಂಡಿದ್ದವನಿಗೆ ಇದು ಗೊತ್ತೇ ಇರಲಿಲ್ಲ. ಓದುತ್ತಾ ಓದುತ್ತಾ ಕುತ್ತಿಗೆ ತನ್ನಷ್ಟಕ್ಕೇ ನೋಯತೊಡಗಿತು.

ದಿನವೂ ಆಫೀಸಿನಿಂದ ಬಂದವನೇ ಲ್ಯಾಪ್‌ಟಾಪ್ ತೆರೆದು ಅಳತೆಯ ಪಟ್ಟಿಗಳನ್ನು ನೋಡುತ್ತಿದ್ದೆ. ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯ ಲಾರ್ಜು. ಒಬ್ಬರು ಉದ್ದದವರು ದೊಡ್ಡದೇ ತಗೊಳ್ಳಿ ಅಂತಾರೆ, ಇನ್ನೊಬ್ಬರು ದೊಡ್ಡದು ತಿರುವಿನಲ್ಲಿ ತಿರುಗಲ್ಲ ಅಂತಾರೆ. ತಲೆ ಮೊಸರು ಗಡಿಗೆಯಾಯಿತು. ಬಿಟಿಎಂ, ಬೊಮ್ಮನಹಳ್ಳಿ, ಜೆಪಿ ನಗರ ಅಂತ ಕಂಡ ಅಂಗಡಿಗೆಲ್ಲ ಹೋಗಿ ಬಂದೆ. ಎಲ್ಲಾ ಕಡೆ ಸ್ಮಾಲು, ಮೀಡಿಯಂ. "ದೊಡ್ಡ ಸೈಜು ನಮ್ಮಲ್ಲಿ ಮೂವ್ ಆಗಲ್ಲ ಸಾರ್. ನಿಮ್ಮಷ್ಟು ಹೈಟು ಯಾರಿದಾರೆ ಹೇಳಿ" ಎಂದು ಒಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಮೇಲೆ ಹವಾ ಹೆಂಗಿದೆ ಸಾರ್?" ಎಂದು ಕೇಳಲಿಲ್ಲವಲ್ಲ, ಅದೇ ಪುಣ್ಯ. ಆ ಪ್ರಶ್ನೆಯನ್ನು ನಾನು ಹೈಸ್ಕೂಲಿನಿಂದ ಕೇಳಿಸಿಕೊಳ್ಳುತ್ತಿದ್ದೇನೆ. ಮೊದಮೊದಲು ಕೋಪ ಬರುತ್ತಿತ್ತು. ಈಗಲೂ ಬರುತ್ತದೆ.

ನನ್ನ ಎತ್ತರದ ಕಥೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ನನಗೆ ಹೆಣ್ಣು ನೋಡಲು ಶುರು ಮಾಡಿದಾಗ ನಮ್ಮಪ್ಪ ಬಯೋಡೇಟಾ ಟೈಪ್ ಮಾಡಿಸಿದರು. ಚಿಕ್ಕಪೇಟೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದವರು, ಅಳತೆಯಲ್ಲಿ ಒಂದಿಂಚು ಆಚೀಚೆ ಮಾಡಿದವರಲ್ಲ. ಆದರೆ ಮಗನ ಎತ್ತರ ಬರೆಯುವ ಜಾಗದಲ್ಲಿ ಸಲೀಸಾಗಿ ಎರಡಿಂಚು ಕತ್ತರಿಸಿದರು. "ಆರೂ ನಾಲ್ಕು ಅಂತ ಬರೆದ್ರೆ ಹೆಣ್ಣಿನ ಕಡೆಯೋರು ಫೋಟೋನೂ ನೋಡಲ್ಲ ಕಣೋ. ಆರೂ ಎರಡು ಅಂದ್ರೆ ಎತ್ತರದ ಹುಡುಗ ಅಂತಾರೆ. ಆರೂ ನಾಲ್ಕು ಅಂದ್ರೆ ಏನೋ ಐಬು ಅಂತಾರೆ." ಹೆಣ್ಣು ನೋಡಲು ಹೋದ ಕಡೆಯೆಲ್ಲ ನಾನು ಬೇಗ ಬೇಗ ಕೂತುಬಿಡಬೇಕೆಂದು ಅಪ್ಪಣೆಯಾಗಿತ್ತು. ಕೂತೆ. ಮದುವೆಯಾಯಿತು. ಆಮೇಲೆ ಯಾರು ಕೇಳಿದರೂ ಆರೂ ಎರಡು. ಡ್ರೈವಿಂಗ್ ಲೈಸೆನ್ಸಿಗೆ, ಇನ್ಶೂರೆನ್ಸಿಗೆ, ಆಫೀಸಿನ ಹೆಲ್ತ್ ಚೆಕಪ್ಪಿಗೆ, ಎಲ್ಲದಕ್ಕೂ ಅದೇ. ನಮ್ಮ ಕಡೆ ಸ್ಕೂಲಿಗೆ ಸೇರಿಸುವಾಗ ಮಕ್ಕಳ ಹುಟ್ಟಿದ ತಾರೀಕು ಬದಲಿಸಿ, ಆಮೇಲೆ ಆ ಸ್ಕೂಲಿನ ತಾರೀಕೇ ನಿಜವಾಗುತ್ತದಲ್ಲ, ಹಾಗೆ. ಬಾಗಿಲಿಗೆ ತಲೆ ಬಡಿದುಕೊಂಡಾಗಲೂ ನಾನು ಆರೂ ಎರಡೇ.

ನಾಚಿಕೆಗೇಡು ಏನೆಂದರೆ, ಕುತ್ತಿಗೆ ಪಣಕ್ಕಿಟ್ಟು ಸೈಕಲ್ ಹುಡುಕುವಾಗಲೂ ಅದನ್ನೇ ಹೇಳಿದೆ. ಕೋಣೆಯಲ್ಲಿ ಒಬ್ಬನೇ ಕೂತು, ಬಾಗಿಲು ಹಾಕಿಕೊಂಡು, ಸೈಜು ಲೆಕ್ಕ ಹಾಕುವ ವೆಬ್‌ಸೈಟಿನಲ್ಲಿ ಆರಡಿ ಎರಡಿಂಚು ಎಂದು ಒತ್ತಿದೆ. ಮೋಸ ಮಾಡುತ್ತಿದ್ದೇನೆ ಅನ್ನಿಸಲೂ ಇಲ್ಲ. ಬೆರಳು ತಾನಾಗಿಯೇ ಆ ಅಂಕಿಗೆ ಹೋಯಿತು. ಅದು ಪ್ರತಿ ಸಲವೂ "ಲಾರ್ಜ್" ಎಂದು ತೋರಿಸಿತು. ಎರಡಿಂಚು ಹೆಚ್ಚು ಒತ್ತಿದ್ದರೆ ಅದಕ್ಕಿಂತ ಮೇಲಿನ ಸೈಜು ಬರುತ್ತಿತ್ತೇ ಎಂದು ನೋಡುವ ಗೋಜಿಗೇ ನಾನು ಹೋಗಲಿಲ್ಲ.

ಜೂನಿನಲ್ಲಿ ಜೆಪಿ ನಗರದ ಒಂದು ಅಂಗಡಿಯಿಂದ ಫೋನು ಬಂತು. ಅಂಗಡಿಯವರು ಹಿಂದೆ ರೇಸುಗಳಿಗೆ ಹೋಗುತ್ತಿದ್ದವರು, ಮೂವತ್ತೈದರ ಆಸುಪಾಸು, ಮಾತು ಕಡಿಮೆ. "ನೀವು ಕೇಳಿದ್ರಲ್ಲ ಸಾರ್, ಲಾಂಗ್ ಟ್ರಾವೆಲ್, ಲಾರ್ಜ್ ಸೈಜಲ್ಲಿ ಒಂದೇ ಒಂದು ಪೀಸ್ ಬಂದಿದೆ. ನಿಮ್ಮ ಹೈಟು ಆರೂ ಎರಡು ಅಂದಿದ್ರಿ. ಬಾರ್ಡರಲ್ಲಿದೆ, ಆದ್ರೆ ಆಗುತ್ತೆ. ಇನ್ನೊಬ್ರೂ ಕೇಳ್ತಿದಾರೆ. ಶನಿವಾರದೊಳಗೆ ಹೇಳ್ಬಿಡಿ."

ಮಗಳನ್ನು ಕರೆದುಕೊಂಡು ಆ ಸಂಜೆಯೇ ಓಡಿದೆ. ಕಪ್ಪು ಬಣ್ಣದ ಸೈಕಲ್ಲು, ಮುಂದಿನ ಚಕ್ರ ಹಿಡಿಯುವ ದಪ್ಪ ಫೋರ್ಕು, ಟೈರು ನೋಡಿದರೆ ಸ್ಕೂಟರಿನದು ಅನ್ನಬೇಕು. ಅಯ್ಯೋ, ಎಷ್ಟು ಚೆನ್ನಾಗಿತ್ತು ಅಂತೀರಿ! ಅಂಗಡಿಯ ಹಿಂದಿನ ಗಲ್ಲಿಯಲ್ಲಿ ನಾಲ್ಕು ಸುತ್ತು ಹೊಡೆದೆ. ರಸ್ತೆ ಉಬ್ಬು ಬಂದದ್ದೇ ಗೊತ್ತಾಗಲಿಲ್ಲ. ಗಲ್ಲಿಯ ಕೊನೆಯಲ್ಲಿ ಒಂದು ಕಟ್ಟಡದ ಮುಂದೆ ಮೂರು ಮೆಟ್ಟಿಲಿದ್ದವು, ಅದನ್ನು ಇಳಿಸಿ ನೋಡೋಣ ಎಂದು ಮೇಲೆ ಹೋಗಿ ನಿಂತೆ. ಎದೆ ಡವಡವ ಹೊಡೆದುಕೊಂಡಿತು. ಎಂಥ ಮೂರು ಮೆಟ್ಟಿಲು ಸ್ವಾಮಿ, ಎಲ್‌ಕೆಜಿ ಮಕ್ಕಳು ಹಾರಿ ಇಳಿಯುವಂಥವು. ಅಂಗೈ ಬೆವೆತು ಹ್ಯಾಂಡಲ್ ಜಾರುತ್ತಿತ್ತು. ಎಡಗೈ ಬೆರಳೆರಡನ್ನೂ ಒಮ್ಮೆ ಮಡಿಸಿ ಬಿಡಿಸಿ ನೋಡಿಕೊಂಡೆ. ಇಳಿಯಲಿಲ್ಲ. ಸೈಕಲ್ಲನ್ನು ತಳ್ಳಿಕೊಂಡು ಕೆಳಗೆ ಬಂದೆ.

"ತಿರುಗುವಾಗ ನಿನ್ ಮೊಣಕಾಲು ಹ್ಯಾಂಡಲ್‌ಗೆ ತಾಗ್ತಿದೆ ಅಪ್ಪ" ಎಂದಳು ಮಗಳು.

"ಅಭ್ಯಾಸ ಆಗುತ್ತೆ ಬಿಡು."

"ಸೈಕಲ್ ಮೇಲೆ ಮುದುಡ್ಕೊಂಡು ಕೂತಂಗೆ ಕಾಣಿಸ್ತೀಯ."

"ನಾನು ಎಲ್ಲಿ ಮುದುಡಿಕೊಂಡು ಕೂತಿಲ್ಲ ಹೇಳು" ಎಂದು ರೇಗಿದೆ. ನಿಜವನ್ನೇ ಹೇಳಿದ್ದೆ. ಬಸ್ಸಿನಲ್ಲಿ ಕತ್ತು ಬಗ್ಗಿಸಿ ನಿಂತು, ಆಟೋದಲ್ಲಿ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು, ಮಂಚದಾಚೆ ಪಾದ ಚಾಚಿಕೊಂಡು ಬೆಳೆದವನು ನಾನು. ಯಾವುದೂ ನನ್ನ ಅಳತೆಗೆ ಇರುವುದಿಲ್ಲ ಅನ್ನುವುದು ನನಗೆ ಎಷ್ಟು ರೂಢಿಯಾಗಿತ್ತೆಂದರೆ, ಮೊಣಕಾಲು ತಾಗಿದ್ದು ಕೂಡ ಒಂದು ಸುಳಿವು ಅಂತ ಹೊಳೆಯಲಿಲ್ಲ.

ಶನಿವಾರದ ತನಕ ಊಟ ಸೇರಲಿಲ್ಲ. ಬೇಡ ಅಂದರೆ ಆ ಸೈಕಲ್ಲು ಇನ್ನೊಬ್ಬರ ಪಾಲಾಗುತ್ತದೆ, ಇನ್ನೊಂದು ಯಾವಾಗ ಬರುತ್ತದೋ. ಬೇಕು ಅಂದು ತಪ್ಪಾಗಿದ್ದರೆ? ಆಫೀಸಿನ ಮೀಟಿಂಗಿನಲ್ಲಿ ಕೂತಿದ್ದಾಗ ಇದ್ದಕ್ಕಿದ್ದಂತೆ ಗಾಲಿ ಕುರ್ಚಿ ಕಣ್ಣ ಮುಂದೆ ಬರುತ್ತಿತ್ತು. ನಾನು ಕೂತಿದ್ದಲ್ಲ, ಹೆಂಡತಿ ತಳ್ಳುತ್ತಿದ್ದದ್ದು. ನಮ್ಮ ಬೀದಿಯ ಗುಂಡಿಗಳಲ್ಲಿ ಅವಳು ಅದನ್ನು ಹೇಗೆ ತಳ್ಳಿಯಾಳು ಎಂದು ಚಿಂತೆ ಹತ್ತುತ್ತಿತ್ತು.

ಶನಿವಾರ ಬೆಳಿಗ್ಗೆ ಮೂವರೂ ಹೋದೆವು. ನಾನೂ ಬರ್ತೀನಿ, ಕಣ್ಣಾರೆ ನೋಡ್ಬೇಕು ಎಂದು ಹೆಂಡತಿ ಹೊರಟಳು. ಮಗಳ ಸೈಕಲ್ಲಿನ ಬ್ರೇಕು ಕಿರುಗುಡುತ್ತಿತ್ತು, ಅದನ್ನೂ ತೋರಿಸೋಣ ಎಂದು ಅವಳು ಅದರಲ್ಲೇ ಬಂದಳು. ಅಂಗಡಿಯವರು ಅವಳ ಸೈಕಲ್ಲನ್ನು ಸ್ಟ್ಯಾಂಡಿಗೆ ಏರಿಸಿ, ನನ್ನ ಕಡೆ ತಿರುಗಿ, "ಸೀಟು ಹ್ಯಾಂಡಲ್ ನಿಮಗೆ ಸೆಟ್ ಮಾಡ್ಬೇಕು ಸಾರ್. ಶೂ ಬಿಚ್ಚಿ ಈ ಗೋಡೆಗೆ ಬೆನ್ನು ಕೊಟ್ಟು ನಿಂತ್ಕೊಳ್ಳಿ" ಎಂದರು.

"ಅಳತೆ ಎಲ್ಲ ಗೊತ್ತಲ್ಲ, ಬೇಕಾ?" ಎಂದೆ.

"ನಾನು ಅಳೀದೆ ಕೊಡಲ್ಲ ಸಾರ್."

ನಿಂತೆ. ಅವರು ಒಂದು ದಪ್ಪ ಪುಸ್ತಕ ತಂದು, ತೊಡೆಗಳ ನಡುವೆ ಮೇಲಕ್ಕೆ ಒತ್ತಿ ಹಿಡಿದುಕೊಳ್ಳಿ ಎಂದರು. ಕಾಲಿನ ಅಳತೆ ತೆಗೆಯುವುದು ಹಾಗಂತೆ. ನಲವತ್ತೆಂಟು ವರ್ಷದ ಗಂಡ ಕಾಲುಚೀಲದಲ್ಲಿ ನಿಂತು ಪುಸ್ತಕ ಸಿಕ್ಕಿಸಿಕೊಂಡಿರುವುದನ್ನು ಕಂಡು ನನ್ನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಮೊಣಕಾಲನ್ನು ಸ್ವಲ್ಪ, ಅಂದರೆ ಬಹಳ ಸ್ವಲ್ಪ, ಸಡಿಲ ಬಿಟ್ಟೆ. ಗ್ರೂಪ್ ಫೋಟೋಗಳಲ್ಲಿ ಮಾಡುವಂತೆ.

"ನೆಟ್ಟಗೆ ನಿಲ್ಲಿ ಸಾರ್."

ನಿಂತೆ. ಅವರು ಸ್ಟೂಲು ಹತ್ತಿ ತಲೆಯ ಮೇಲೆ ಹಲಗೆ ಇಟ್ಟು ಗೋಡೆಗೆ ಪೆನ್ಸಿಲ್ ಗೀಟು ಎಳೆದರು. ಟೇಪು ಹಿಡಿದರು. ಮತ್ತೊಮ್ಮೆ ಹಿಡಿದರು.

"ಸಾರ್, ಆರೂ ನಾಲ್ಕು ಕಾಲು ಇದೀರಲ್ಲ. ಆರೂ ಎರಡು ಅಂದ್ರಿ?"

ನನ್ನ ಕಿವಿ ಬಿಸಿಯಾಯಿತು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ಮುಂದೆ, ಸೈಕಲ್ ಅಂಗಡಿಯಲ್ಲಿ, ಬರೀ ಕಾಲುಚೀಲದಲ್ಲಿ ಸಿಕ್ಕಿಬಿದ್ದೆ. ಹೆಂಡತಿಯತ್ತ ಕಳ್ಳನೋಟ ಹಾಯಿಸಿದರೆ ಅವಳು ತಣ್ಣಗೆ, "ಆರೂ ಎರಡು ಅದು ಬಯೋಡೇಟಾ ಹೈಟು. ನಮ್ಮ ಮಾವನೋರು ಬರೆಸಿದ್ದು" ಎಂದಳು.

"ನಿಂಗೆ ಗೊತ್ತಿತ್ತಾ?"

"ರೀ, ನಿಮ್ಮ ಪ್ಯಾಂಟಿಗೆಲ್ಲ ಹೆಮ್ಮಿಂಗ್ ಬಿಚ್ಚಿ ಉದ್ದ ಮಾಡಿಸೋಳು ನಾನು. ಗೊತ್ತಿರಲ್ವಾ? ಏನೋ, ಗಂಡಸರಿಗೆ ಒಂದೊಂದು ಇರುತ್ತೆ ಅಂತ ಸುಮ್ಮನಿದ್ದೆ." ಅಷ್ಟು ಹೇಳಿದ ಮೇಲೆ ಅವಳ ಮುಖ ಬದಲಾಯಿತು. "ಸೈಕಲ್ಲಿಗೂ ಅದನ್ನೇ ಹೇಳಿದ್ರಾ? ಕುತ್ತಿಗೆ ವಿಷಯದಲ್ಲೂ?"

ನಾನು ಬಗ್ಗಿ ಶೂ ಹುಡುಕತೊಡಗಿದೆ. ಅಂಗಡಿಯವರು ಟೇಪನ್ನು ಸುತ್ತಿ ಜೇಬಿಗೆ ಹಾಕಿಕೊಂಡು, "ಇದು ನಾನು ನಿಮಗೆ ಕೊಡಲ್ಲ ಸಾರ್, ಬೇಜಾರು ಮಾಡ್ಕೋಬೇಡಿ. ರಸ್ತೇಲಿ ಚೆನ್ನಾಗೇ ಇರುತ್ತೆ. ಇಳಿಜಾರಲ್ಲಿ ನಿಮ್ಮಷ್ಟು ಎತ್ತರದೋರು ಇದರ ಮೇಲೆ ನಿಂತ್ರೆ ಮೈಭಾರ ಎಲ್ಲ ಮುಂದೆ. ಮೊದಲನೇ ದೊಡ್ಡ ಕಲ್ಲಿಗೇ ಹ್ಯಾಂಡಲ್ ಮೇಲಿಂದ ಹೋಗ್ತೀರ. ನಿಮಗೆ ಇದಕ್ಕಿಂತ ಮೇಲಿನ ಸೈಜು ಬೇಕು. ಆರ್ಡರ್ ಹಾಕಿದ್ರೆ ಮೂರು ನಾಲ್ಕು ತಿಂಗಳಾಗುತ್ತೆ" ಎಂದರು.

ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತುಬಿಟ್ಟೆ. ಇನ್ನು ಹತ್ತು ನಿಮಿಷ ಬಿಟ್ಟಿದ್ದರೆ ಅದೇ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದೆ. ಮಾರನೇ ದಿನ ಭಾನುವಾರ. ಆದರೂ ಒಳಗೊಳಗೇ ಒಂದು ನಿರಾಳ. ಸದ್ಯ, ಬಚಾವಾದೆ. ಹೆಂಡತಿಯ ಬೈಗುಳ ಮನೆಗೆ ಹೋದ ಮೇಲೆ ಇದ್ದೇ ಇದೆ, ಕೇಳಿಸಿಕೊಂಡರಾಯಿತು. ಮೂರು ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಇಳಿಯಿತು ಅಂದುಕೊಂಡೆ.

ಅಂಗಡಿಯವರು ಅಷ್ಟರಲ್ಲಿ ಸ್ಟ್ಯಾಂಡಿನಲ್ಲಿದ್ದ ಮಗಳ ಸೈಕಲ್ಲಿನ ಬ್ರೇಕು ಬಿಚ್ಚತೊಡಗಿದ್ದರು. ಬಿಚ್ಚುತ್ತಿದ್ದವರು ನಿಲ್ಲಿಸಿದರು. ಸೀಟಿನ ಕೊಳವೆಯನ್ನು ನೋಡಿದರು. ಇದಕ್ಕಿಂತ ಮೇಲೆ ಎಳೆಯಬೇಡಿ ಎಂದು ಅದರ ಮೇಲೊಂದು ಗೆರೆ ಇರುತ್ತದೆ. ಆ ಗೆರೆ ಹೊರಗೆ ಬಂದು ಅರ್ಧ ಬೆರಳು ದಾಟಿತ್ತು. ಅವರು ಸೈಕಲ್ಲನ್ನೊಮ್ಮೆ, ಮಗಳನ್ನೊಮ್ಮೆ ನೋಡಿ, "ಇದರಲ್ಲಿ ಗುಡ್ಡ ಇಳೀತೀಯಾ ನೀನು?" ಎಂದರು.

"ಹೂಂ, ಪ್ರತಿ ಸಂಡೇ."

"ಮುಂದಕ್ಕೆ ತಳ್ಳಿದಂಗೆ ಆಗಲ್ವಾ?"

"ಆಗುತ್ತೆ. ಅಪ್ಪನಿಗೆ ಹೇಳಿದೀನಿ. ನೀನು ಹಿಂದಕ್ಕೆ ಭಾರ ಹಾಕು, ನಿಂಗೆ ಟೆಕ್ನಿಕ್ ಸರಿ ಇಲ್ಲ ಅಂತಾನೆ."

ಹೌದು, ಹಾಗೇ ಅಂದಿದ್ದೆ. ಒಂದು ಸಲವಲ್ಲ. ಬೇವಿನ ಮರದ ಕೆಳಗೆ ನಿಂತು, ಬೆವರಿಕೊಂಡು ಬಂದ ಹುಡುಗಿಗೆ ವಾರ ವಾರವೂ ಪಾಠ ಮಾಡಿದ್ದೆ.

"ಇದು ಮೀಡಿಯಂ ಫ್ರೇಮು. ಯಾರು ಸೆಲೆಕ್ಟ್ ಮಾಡಿದ್ದು?"

ಮಗಳು ನನ್ನ ಕಡೆ ನೋಡಿದಳು. "ಆನ್‌ಲೈನಲ್ಲಿ ಅಪ್ಪ ಫಾರ್ಮ್ ತುಂಬಿದ್ದು. ನನ್ನ ಹೈಟು ಐದೂ ಎಂಟು ಅಂತ."

"ನೀನು ಐದೂ ಎಂಟಾ? ಬಾ ಇಲ್ಲಿ, ನಿಂತ್ಕೋ."

ಅವಳು ಚಪ್ಪಲಿ ಬಿಟ್ಟು ಗೋಡೆಗೆ ಹೋಗಿ ನಿಂತಳು. ನಾನು ಅವಳ ಮೊಣಕಾಲನ್ನೇ ನೋಡುತ್ತಿದ್ದೆ. ಒಂದು ಮೊಣಕಾಲು ತುಸುವೇ ಮುಂದೆ ಬಂದಿತ್ತು, ಭುಜ ಇಳಿಬಿದ್ದಿತ್ತು, ಕತ್ತು ಒಂದು ಕಡೆಗೆ ವಾಲಿತ್ತು. ಯಾರೂ ಹೇಳಿಕೊಡದೆ ಕಲಿತಿದ್ದಳು. ಹೇಳಿಕೊಡಬೇಕೇಕೆ, ಮನೆಯಲ್ಲೇ ದಿನಾ ನೋಡುತ್ತಿದ್ದಳಲ್ಲ.

"ನೆಟ್ಟಗೆ ನಿಂತ್ಕೋ" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. ಅವಳು ನಿಂತಳು. ಟೇಪು ಐದಡಿ ಹನ್ನೊಂದೂವರೆ ಇಂಚು ತೋರಿಸಿತು.

ಹೆಚ್ಚೂಕಮ್ಮಿ ಎರಡು ವರ್ಷದ ಹಿಂದಿನ ಒಂದು ಮದುವೆ ಮನೆ ನೆನಪಾಯಿತು. ಊಟದ ಪಂಕ್ತಿಯಲ್ಲಿ ನನ್ನ ಸೋದರತ್ತೆ ನಮ್ಮ ಮಗಳನ್ನು ನೋಡಿ, "ಅಯ್ಯಯ್ಯೋ, ಇಷ್ಟುದ್ದ ಬೆಳೆದು ನಿಂತಿದಾಳಲ್ಲೋ, ಇವಳಿಗೆ ಗಂಡು ಎಲ್ಲಿ ಹುಡುಕ್ತೀಯೋ" ಎಂದಿದ್ದರು. ನನಗೆ ಮೈಯೆಲ್ಲ ಉರಿದು, ಇನ್ನೂ ಹೈಸ್ಕೂಲಿನ ಹುಡುಗಿ ಅತ್ತೆ, ಸುಮ್ಮನೆ ಊಟ ಮಾಡಿ ಎಂದು ಎಲ್ಲರ ಮುಂದೆ ಗದರಿದ್ದೆ. ಮಗಳು ನನ್ನ ಕೈ ಹಿಡಿದುಕೊಂಡಿದ್ದಳು. ಅದಾದ ವಾರಕ್ಕೆ ಅವಳ ಸೈಕಲ್ಲಿನ ಫಾರ್ಮು ತುಂಬಿದೆ. ಆಗಲೇ ಅವಳು ಐದೂ ಹತ್ತು ದಾಟಿದ್ದಳು, ಮನೆಯ ಗೋಡೆಯಲ್ಲಿ ಗುರುತೂ ಇತ್ತು. ನಾನು ಐದೂ ಎಂಟು ಎಂದು ಬರೆದೆ. ಅತ್ತೆಯ ಬಾಯಿ ಮುಚ್ಚಿಸಿದವನು ಅತ್ತೆಯ ಮಾತನ್ನೇ ನಡೆಸಿದೆ. ಯೂನಿಫಾರ್ಮು, ಸ್ವೆಟರು, ಚಪ್ಪಲಿ ಎಲ್ಲವನ್ನೂ ಬೆಳೆಯುವ ಮಕ್ಕಳಿಗೆ ಅಂತ ಒಂದು ಸೈಜು ದೊಡ್ಡದೇ ತರುವ ಜನ ನಾವು. ಸೈಕಲ್ಲು ಮಾತ್ರ ಚಿಕ್ಕದು ತಂದೆ.

ಇಷ್ಟು ತಿಂಗಳು ನಾನು ಆ ಮರದ ಕೆಳಗೆ ನಿಂತು ಹೆದರಿದ್ದೆ. ಕಲ್ಲಿಗೆ ಹೆದರಿದ್ದೆ, ಬೇರಿಗೆ ಹೆದರಿದ್ದೆ, ಅವಳ ವಯಸ್ಸಿನ ಹುಚ್ಚು ಧೈರ್ಯಕ್ಕೆ ಹೆದರಿದ್ದೆ. ಅವಳನ್ನು ಮುಂದಕ್ಕೆ ತಳ್ಳುತ್ತಿದ್ದ ಸೈಕಲ್ಲನ್ನು ಕೈಯಾರೆ ಕೊಡಿಸಿದವನು ನಾನು. ನನ್ನ ಕುತ್ತಿಗೆಗೆ ಆದದ್ದೇ ಯಾವ ಭಾನುವಾರ ಬೇಕಾದರೂ ಅವಳ ಕುತ್ತಿಗೆಗೂ ಆಗಬಹುದಿತ್ತು. ನಾಲ್ಕು ನಿಮಿಷ, ಐದು ನಿಮಿಷ, ಆರು ನಿಮಿಷ ಎಂದು ಎಣಿಸುತ್ತಾ ನಾನು ಕೆಳಗೇ ನಿಂತಿರುತ್ತಿದ್ದೆ.

ಹೆಂಡತಿ ಬೈಯಲಿಲ್ಲ. ಮಗಳ ಹತ್ತಿರ ಹೋಗಿ ಅವಳ ಕತ್ತಿನ ಹಿಂದೆ ಕೈ ಇಟ್ಟುಕೊಂಡು ನಿಂತಳು.

"ಅಪ್ಪ, ಐದೂ ಎಂಟು ಅಂತ ಯಾಕೆ ಬರ್ದೆ?" ಎಂದು ಮಗಳು ಕೇಳಿದಳು. ಕೋಪ ಇರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು ಅವಳಿಗೆ.

"ಹೆದ್ರಿಕೊಂಡು ಬರ್ದೆ ಪುಟ್ಟ."

"ಬೀಳ್ತೀನಿ ಅಂತಾನಾ?"

"ಅಲ್ಲ." ಎಂದೆ. "ಜನ ಏನಾದ್ರೂ ಅಂತಾರೆ ಅಂತ."

"ಬಿದ್ದಿದ್ರೆ?" ಎಂದಳು.

ಕ್ಷಮಿಸು ಎಂದು ಹೇಳಬೇಕಾಗಿತ್ತು. ಆಮೇಲೆ ಮನೆಯಲ್ಲಿ ಹೇಳಿದೆ, ಒಂದಲ್ಲ ಹತ್ತು ಸಲ ಹೇಳಿದೆ. ಅಲ್ಲಿ, ಆ ಹೊತ್ತಿನಲ್ಲಿ, ಬಾಯಿ ಬರಲಿಲ್ಲ.

ಅಂಗಡಿಯವರು ಆ ಕಪ್ಪು ಸೈಕಲ್ಲನ್ನು ತಳ್ಳಿಕೊಂಡು ಬಂದು ಅವಳ ಮುಂದೆ ನಿಲ್ಲಿಸಿ, "ಲಾರ್ಜು. ಅಪ್ಪನಿಗೆ ಆಗಲ್ಲ, ನಿಂಗೆ ಆಗುತ್ತೆ. ಹತ್ತಿ ನೋಡು" ಎಂದರು. ಅವಳು ಪೆಡಲಿನ ಮೇಲೆ ಎದ್ದು ನಿಂತಳು. ಬೆನ್ನು ನೆಟ್ಟಗಿತ್ತು, ತೋಳು ಅಗಲವಾಗಿತ್ತು, ಮೊಣಕಾಲು ಯಾವುದಕ್ಕೂ ತಾಗುತ್ತಿರಲಿಲ್ಲ. ಗಲ್ಲಿಯ ಕೊನೆಯ ಮೂರು ಮೆಟ್ಟಿಲನ್ನು ದಡದಡ ಇಳಿಸಿಕೊಂಡು ವಾಪಸ್ಸು ಬಂದಳು. "ಅಪ್ಪ, ಇದು ತಳ್ಳಲ್ಲ!" ಎಂದು ದೂರದಿಂದಲೇ ಕೂಗಿದಳು.

ಅದನ್ನೇ ಅವಳಿಗೆ ತೆಗೆದುಕೊಳ್ಳುವುದೆಂದು ನಿಂತ ಕಾಲಿನಲ್ಲೇ ತೀರ್ಮಾನವಾಯಿತು. ನನ್ನದು ಬರುವ ತನಕ ನಾನು ಮರದ ಕೆಳಗೇ ನಿಲ್ಲುವುದು. ಅಂಗಡಿಯವರು ಎರಡು ಫಾರ್ಮು ತಂದು ಮೇಜಿನ ಮೇಲಿಟ್ಟರು, ಒಂದು ಅವಳದು, ಒಂದು ನನ್ನ ಆರ್ಡರಿನದು. ಹೆಸರು, ತೂಕ, ಎತ್ತರ. ರೂಢಿಯಂತೆ ನಾನು ಜೇಬಿನಿಂದ ಪೆನ್ನು ತೆಗೆದೆ. ಮಗಳು ಕೈ ಚಾಚಿದಳು. ಕೊಟ್ಟೆ. ಅವಳು ಮೇಜಿನ ಮೇಲೆ ಬಾಗಿ, ಎತ್ತರದ ಜಾಗದಲ್ಲಿ ಐದೂ ಹನ್ನೊಂದೂವರೆ ಎಂದು ದಪ್ಪಗೆ ಬರೆದಳು. ಅದು ಮುಗಿದ ಮೇಲೆ ಪೆನ್ನು ವಾಪಸ್ಸು ಕೊಡುತ್ತಾಳೆಂದು ನಾನು ಕೈ ಮುಂದೆ ಮಾಡಿದೆ. ಅವಳು ಕೊಡಲಿಲ್ಲ. ನನ್ನ ಫಾರ್ಮನ್ನು ತನ್ನ ಕಡೆ ಎಳೆದುಕೊಂಡು, ನನ್ನನ್ನು ಏನೂ ಕೇಳದೆ, ಅದನ್ನೂ ಅವಳೇ ತುಂಬಿದಳು.